ಮನೆಗೆ ತಂದ ಓಸ್ತಿ

ಸುರತ್ಕಲ್,
ಭಾನುವಾರ, 13 ಜುಲೈ 2025

ಪ್ರೀತಿಯ ಕ್ರಿಸ್ಟಿನ್‌ಗೆ ಜಯ ಬರೆಯುವ ಕಾಗದ.

ಲಕೋಟೆಯ ಮೇಲೆ ಮಠದಲ್ಲಿ ನಿನಗಿಟ್ಟ ಹೆಸರನ್ನು, ಸಿಸ್ಟರ್ ಅಂತ ಸೇರಿಸಿ, ಸರಿಯಾಗಿಯೇ ಬರೆದಿದ್ದೇನೆ. ಒಳಗೆ ಮಾತ್ರ ನೀನು ಕ್ರಿಸ್ಟಿನ್. ಅವರು ಕೊಟ್ಟ ಉದ್ದದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಬೇಜಾರು ಮಾಡಬೇಡ.

ನಿನ್ನ ಗೋಡೆಯೊಳಗೆ ಫೋನಿಲ್ಲ, ಕಾಗದ ಮಾತ್ರ ನಡೆಯುತ್ತದೆ ಎಂದು ಗೊತ್ತಿದ್ದೂ ನಾನು ಇಷ್ಟು ವರ್ಷ ಬರೆಯಲಿಲ್ಲ. ನೀನು ಪ್ರತಿ ಕ್ರಿಸ್ಮಸ್ಸಿಗೆ ಒಂದು ಕಾರ್ಡು ಕಳಿಸಿದೆ. ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಾಚಿಕೆ, ಅಷ್ಟೇ. ನನ್ನ ಅಮ್ಮ ಬಾಗಿ ನಿಮ್ಮ ಬಜಪೆ ಮನೆಯಲ್ಲಿ ಹದಿನೇಳು ವರ್ಷ ಅಡುಗೆ ಮಾಡಿದಳು. ಕೊನೆಗೆ ನಿನ್ನ ಅಕ್ಕ ಮೆಲಿಸಾಳ ಚೀಟಿಗಳನ್ನು ವಿನೀತನಿಗೆ ಗುಟ್ಟಾಗಿ ಮುಟ್ಟಿಸಿ, ಅವರಿಬ್ಬರೂ ಓಡಿಹೋಗುವುದಕ್ಕೆ ದಾರಿ ಮಾಡಿಕೊಟ್ಟಳು ಎಂದು ನಿನ್ನ ಅಮ್ಮ ಶರ್ಲಿ ಬಾಯಿ ಅವಳನ್ನು ಕೆಲಸದಿಂದ ತೆಗೆದರು. ಅಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟು ಬಂದಳು. ಉಂಡ ಮನೆಗೆ ಹೀಗೆ ಮಾಡಿದವಳ ಮಗಳು ನಾನು ಎಂದುಕೊಂಡು, ನಿಮ್ಮ ಮನೆಯವರು ಎದುರಾದರೆ ಎಷ್ಟೋ ವರ್ಷ ರಸ್ತೆಯ ಆಚೆ ಬದಿಗೆ ದಾಟಿದ್ದೇನೆ.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನಾನು ಒಂದು ತಪ್ಪು ಮಾಡಿದ್ದೇನೆ, ಅದೂ ನಿಮ್ಮ ದೇವರ ವಿಷಯದಲ್ಲಿ. ಅದಕ್ಕಿಂತ ದೊಡ್ಡದನ್ನು ಒಂದು ಹುಡುಗಿಯ ವಿಷಯದಲ್ಲಿ ಮಾಡಿದ್ದೇನೆ. ಇದರ ತೂಕ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ನಿನಗೆ ಗೊತ್ತಾಗುತ್ತದೆ.

ನನ್ನ ಮಗಳು ಮೋಕ್ಷಾಳಿಗೆ ಈ ವರ್ಷ ಕೂಳೂರು ಹೊಳೆಯ ಸಂಕದ ಆಚೆಗಿರುವ ಸಂತ ರಾಫೆಲ್ ಯುನಿವರ್ಸಿಟಿಯಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿತು. ಅಮ್ಮ ಸೊಂಟ ಮುರಿದುಕೊಂಡು ಮಲಗಿದ್ದಾಗ ಮನೆಗೆ ಬಂದು ಅವಳನ್ನು ಮತ್ತೆ ನಡೆಸಿದ ಹುಡುಗಿಯನ್ನು ನೋಡಿ ಮೋಕ್ಷಾ ಈ ಓದನ್ನು ಆರಿಸಿದ್ದು. ಅಮ್ಮನಿಗಂತೂ ಮೊಮ್ಮಗಳು ಆಗಲೇ ಡಾಕ್ಟರಾದಷ್ಟು ಹೆಮ್ಮೆ. ಜುಲೈ ಏಳು, ಸೋಮವಾರ, ಹೊಸ ವರ್ಷದ ತರಗತಿಗಳನ್ನು ಪೂಜೆಯಿಂದ ಶುರು ಮಾಡುತ್ತೇವೆ, ಪವಿತ್ರಾತ್ಮರನ್ನು ಪ್ರಾರ್ಥಿಸುತ್ತೇವೆ, ತಂದೆತಾಯಂದಿರು ಬಂದರೆ ಸಂತೋಷ, ಬರಲೇಬೇಕೆಂದಿಲ್ಲ ಎಂದು ಕಾಲೇಜಿನಿಂದ ಕಾಗದ ಬಂತು. ಮೋಕ್ಷಾ ಬೇಡವೆಂದಳು. ನಮ್ಮ ಇವರು ಕೆಲಸಕ್ಕೆಂದು ಸೌದಿಯ ದಮ್ಮಾಮಿನಲ್ಲಿ, ಅಮ್ಮನಿಗೆ ಮೆಟ್ಟಿಲು ಹತ್ತಲಾಗದು, ನಾನೂ ಹೋಗದಿದ್ದರೆ ಹೇಗೆ? ದೇವರು ಯಾರದ್ದಾದರೇನು, ಶುಭ ಕೆಲಸದ ದಿನ ಮನೆಯವರು ಒಬ್ಬರಾದರೂ ಇರಬೇಕು ಎಂದು ಜೆರಾಕ್ಸ್ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಹೊರಟೆ. ಹಸಿರು ಸೀರೆ ಉಟ್ಟಿದ್ದೆ. ಬ್ಯಾಗಿನಲ್ಲಿ, ಎಲ್ಲಿಗೆ ಹೋದರೂ ಅಮ್ಮನಿಗೆ ಪ್ರಸಾದ ತರಲೆಂದು ಇಟ್ಟುಕೊಳ್ಳುವ ಸಣ್ಣ ಸ್ಟೀಲ್ ಡಬ್ಬಿ ಇತ್ತು.

ದೊಡ್ಡ ಸಭಾಂಗಣ. ಹೊರಗೆ ಜೋರು ಮಳೆ, ಒಳಗೆಲ್ಲ ಒದ್ದೆ ಕೊಡೆಗಳ ವಾಸನೆ. ಮೋಕ್ಷಾಳ ಪಕ್ಕ ಅವಳ ಹೊಸ ಗೆಳತಿ ರುಖಿಯಾ ಕೂತಿದ್ದಳು. ಬಜಪೆಯ ಬ್ಯಾರಿ ಮುಸಲ್ಮಾನರ ಹುಡುಗಿ, ಅಡ್ಮಿಷನ್ನಿನ ಸಾಲಿನಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ತಲೆಗೆ ಬೂದುಬಣ್ಣದ ಸ್ಕಾರ್ಫು, ಮಾತಿಗೊಮ್ಮೆ ಆಂಟಿ ಆಂಟಿ ಎನ್ನುವ ಬಾಯಿ. ನನಗೆ ಕೂತ ಕೂಡಲೇ ಹಿಡಿಸಿದಳು. ಕಾಲೇಜಿನ ಫಾದರ್ ಇರ್ವಿನ್ ಕೆಂಪು ನಿಲುವಂಗಿ ತೊಟ್ಟು ಬಂದರು. ಹುಡುಗರು ಹಾಡಿದರು. ಕ್ರಿಸ್ಟಿನ್, ಸುಳ್ಳು ಹೇಳುವುದಿಲ್ಲ, ನನಗೆ ಕಣ್ಣಲ್ಲಿ ನೀರು ಬಂತು. ನಿಮ್ಮ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೂತು ನಿನ್ನ ಕೊಂಕಣಿ ಹಾಡುಗಳನ್ನು ಅರ್ಥ ಗೊತ್ತಿಲ್ಲದೆ ಹಾಡುತ್ತಿದ್ದ ಹುಡುಗಿ ನಾನು, ಈಗ ಮಗಳನ್ನು ಇಂಥ ಕಡೆ ಓದಿಸುತ್ತಿದ್ದೇನಲ್ಲ ಎಂದು ಎದೆ ತುಂಬಿತು.

ಆಮೇಲೆ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮಳೆಯ ಸದ್ದಿಗೆ ನನಗೆ ಒಂದಕ್ಷರ ಕೇಳಲಿಲ್ಲ. ಮೋಕ್ಷಾ ಫೋನು ನೋಡುತ್ತಿದ್ದಳು. ಹುಡುಗಿಯರಿಬ್ಬರನ್ನು ಬಿಟ್ಟು ನಮ್ಮ ಸಾಲಿನವರೆಲ್ಲ ಎದ್ದು ಮುಂದೆ ಹೊರಟರು, ನಾನೂ ಎದ್ದು ಹೊರಟೆ. ಕೈ ಚಾಚಿದೆ. ಫಾದರ್ ಬಿಳಿಯ ತೆಳು ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟರು. ನೀವು ಅದನ್ನು ಕೊಂಕಣಿಯಲ್ಲಿ ಓಸ್ತಿ ಎನ್ನುವುದು ನನಗೆ ಗೊತ್ತಿತ್ತು. ನಿನ್ನ ದೊಡ್ಡಮ್ಮನ ಮಗಳ ಮದುವೆಯಲ್ಲಿ ಹಿಂದಿನ ಬೆಂಚಿನಿಂದ ನೋಡಿದ್ದೆ. ಅಲ್ಲೇ ಬಾಯಿಗೆ ಹಾಕಬೇಕು, ಒಂದು ಹೆಜ್ಜೆಯೂ ಹೊರಗೆ ಒಯ್ಯಬಾರದು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನಾನು ನಿಮ್ಮ ಇಗರ್ಜಿಯಿಂದ ಕೈಯಾರೆ ತಂದದ್ದು ಮೊಂತಿ ಹಬ್ಬದ ಹೊಸ ಭತ್ತದ ತೆನೆ ಮಾತ್ರ. ಅದನ್ನು ಫಾದರ್ ಆಶೀರ್ವದಿಸಿ ಕೊಡುತ್ತಿದ್ದರು, ಅಮ್ಮ ಮನೆಗೆ ತಂದು ಪಾಯಸಕ್ಕೆ ಹಾಕುತ್ತಿದ್ದಳು, ಬರಲಾಗದವರಿಗೆಲ್ಲ ಒಂದೊಂದು ಚಮಚ. ನಮ್ಮಲ್ಲೂ ಹಾಗೆಯೇ ಅಲ್ಲವಾ, ಬರಲಾಗದವರ ಪಾಲನ್ನು ಹೋದವರು ತರಬೇಕು. ಇದು ಅಮ್ಮನಿಗಿರಲಿ ಎಂದುಕೊಂಡೆ.

ಜಾಗಕ್ಕೆ ಬಂದೆ. ಒಂದು ಕೈಯಲ್ಲಿ ಕೊಡೆ, ಹೆಗಲಲ್ಲಿ ಬ್ಯಾಗು, ಡಬ್ಬಿ ತಳಕ್ಕೆ ಸೇರಿತ್ತು. ಹಾಡಿನ ಹಾಳೆಯ ಮೇಲೆ ಓಸ್ತಿಯನ್ನಿಟ್ಟು, ಸ್ವಲ್ಪ ಹಿಡಿ ಮಗಾ ಎಂದು ರುಖಿಯಾಳ ಕೈಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದಳು. ನಾನು ಡಬ್ಬಿ ಹುಡುಕಿ ತೆಗೆದು, ಅವಳ ಕೈಯಿಂದ ತೆಗೆದುಕೊಂಡು, ಮುಚ್ಚಳ ಹಾಕಿದೆ. ಅಷ್ಟೇ ನಡೆದದ್ದು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಮನೆಗೆ ಬಂದು ಅಮ್ಮನ ಮುಂದೆ ಡಬ್ಬಿ ತೆರೆದೆ. ಅವಳು ನೋಡಿದಳು, ಊರುಗೋಲು ಬಿಟ್ಟು ಗೋಡೆ ಹಿಡಿದಳು. "ಇದನ್ನು ಎಂತಕ್ಕೆ ತಂದೆ ಮಾರಾಯ್ತಿ? ಇದನ್ನು ತರ್ಲಿಕ್ಕಿಲ್ಲ. ಅವರಿಗೆ ಇದು ಪ್ರಸಾದ ಅಲ್ಲ, ದೇವರೇ. ನೆಲಕ್ಕೆ ಒಂದು ಚೂರು ಬಿದ್ರೆ ಶರ್ಲಿ ಬಾಯಿ ಮೊಣಕಾಲೂರಿ ತೆಗೀತಿದ್ರು" ಎಂದಳು. ಹದಿನೇಳು ವರ್ಷ ನಿಮ್ಮ ಮನೆಯಲ್ಲಿದ್ದವಳಿಗೆ ಗೊತ್ತಿರದೆ ಇರುತ್ತದೆಯೇ? ಡಬ್ಬಿಯನ್ನು ಒರೆಸಿ ದೇವರ ಮಣೆಯ ಮೇಲಿಟ್ಟೆವು. ನಾಳೆ ಬೆಳಿಗ್ಗೆಯೇ ಕೊಂಡುಹೋಗಿ ಫಾದರ್ ಕೈಗೆ ಕೊಟ್ಟು ಕಾಲಿಗೆ ಬೀಳುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಆ ನಾಳೆಗೇ ಹೋಗಿದ್ದರೆ ಈ ಕಾಗದ ಬರೆಯುವ ಕೆಲಸವಿರಲಿಲ್ಲ. ಮಂಗಳವಾರ ಬೆಳಿಗ್ಗೆ ಎಂಜಿನಿಯರಿಂಗ್ ಹುಡುಗರ ರಿಪೋರ್ಟುಗಳು ಅಂಗಡಿಗೆ ಬಂದು ಬಿದ್ದವು. ಸಂಜೆ ಹೋಗುವ ಎಂದುಕೊಂಡೆ.

ಸಂಜೆ ಮೋಕ್ಷಾ ಬಂದಳು. ಬ್ಯಾಗು ಇಳಿಸದೆಯೇ ಫೋನನ್ನು ನನ್ನ ಕೈಗೆ ಕೊಟ್ಟಳು. ಪೂಜೆಯನ್ನು ಕಾಲೇಜಿನವರು ವಿಡಿಯೋ ಮಾಡಿದ್ದರು. ಅದರಲ್ಲಿ ರುಖಿಯಾ ಕೈಯಲ್ಲಿ ಓಸ್ತಿ ಹಿಡಿದಿದ್ದ ಆರೇಳು ಸೆಕೆಂಡನ್ನು ಯಾರೋ ಕತ್ತರಿಸಿ ಕ್ಲಾಸಿನ ಗ್ರೂಪಿಗೆ ಹಾಕಿದ್ದರು. ನಾನು ಬ್ಯಾಗಿಗೆ ಬಗ್ಗಿದ್ದೆನಲ್ಲ, ನಾನಿಲ್ಲ. ಅವಳ ಸ್ಕಾರ್ಫು, ಅವಳ ಎರಡು ಕೈ, ಬಿಳಿ ಓಸ್ತಿ, ಅಷ್ಟೇ. ಬೇಕೆಂದೇ ತೆಗೆದುಕೊಂಡಿದ್ದಾಳೆ, ಅವಮಾನ ಮಾಡಲಿಕ್ಕೆ ಒಯ್ದಿದ್ದಾಳೆ ಎಂದು ಕೆಳಗೆ ಬರೆದಿದ್ದರು. ಅದರ ಕೆಳಗೆ ಬಂದದ್ದನ್ನು ನಿನಗೆ ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಊರಿನಲ್ಲಿ ಒಂದು ಮಾತು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂದು ನಿನಗೂ ಗೊತ್ತುಂಟು.

ನಾನು ಆಗಲೇ ಚಪ್ಪಲಿ ಹಾಕಿದೆ. ಮೋಕ್ಷಾ ಬಾಗಿಲಿಗೆ ಅಡ್ಡ ನಿಂತಳು. "ಅಮ್ಮಾ, ಬೇಡ. ಕ್ಲಾಸು ಶುರುವಾಗಿ ಇನ್ನೂ ಎರಡು ದಿನ ಆಗಿದೆ ಅಷ್ಟೇ. ನೀನು ಹೋಗಿ ಹೇಳಿದ್ರೆ ಇನ್ನು ನಾಲ್ಕೂವರೆ ವರ್ಷ ನಾನು ಅಲ್ಲಿ ಅದೇ ಹೆಂಗಸಿನ ಮಗಳು. ಎರಡು ದಿನ ಸುಮ್ಮನಿರು, ಅದಾಗಿಯೇ ತಣ್ಣಗಾಗ್ತದೆ" ಎಂದು ಅತ್ತಳು. ಹೊರಗೆ ದೊಡ್ಡ ಬಾಯಿಯವಳಾದ ನಾನು ಮಗಳು ಅತ್ತರೆ ಮೇಣ. ಚಪ್ಪಲಿ ಬಿಚ್ಚಿದೆ.

ಬುಧವಾರ ರುಖಿಯಾಳನ್ನೂ ಅವಳ ತಾಯಿಯನ್ನೂ ಆಫೀಸಿಗೆ ಕರೆಸಿದರು. ನಾನು ಹಿಡಿದದ್ದು ಹೌದು, ಇಟ್ಟುಕೊಂಡದ್ದು ಅಲ್ಲ ಎಂದು ಅವಳು ಹೇಳಿದಳಂತೆ. ಕೊಟ್ಟವರು ಯಾರು ಎಂದರೆ ಬಾಯಿ ಬಿಡಲಿಲ್ಲವಂತೆ. ವಿಷಯ ತಿಳಿಯಾಗುವವರೆಗೆ ಮನೆಯಲ್ಲಿರು, ನಿನ್ನ ಒಳ್ಳೆಯದಕ್ಕೇ ಎಂದು ಕಳಿಸಿದರಂತೆ. ಇದನ್ನು ಮೋಕ್ಷಾ ಅನ್ನ ಕಲಸುತ್ತಾ ಹೇಳಿದಳು, ನನ್ನ ಮುಖ ನೋಡಲಿಲ್ಲ. ಅವಳು ಆ ದಿನ ಕ್ಲಾಸಿನಲ್ಲಿ ಬೇರೆ ಸಾಲಿನಲ್ಲಿ ಹೋಗಿ ಕೂತಿದ್ದಳೆಂದು ಆಮೇಲೆ ಗೊತ್ತಾಯಿತು.

ಗುರುವಾರ ನಡೆದದ್ದನ್ನೂ ಬರೆಯುತ್ತೇನೆ. ಮಧ್ಯಾಹ್ನ ಅಂಗಡಿಗೆ ಶೆರ್ವಿನ್ ಎಂಬ ಹುಡುಗ ಬಂದ. ನಮ್ಮ ಹಿಂದಿನ ಓಣಿಯವನು, ಅದೇ ಯುನಿವರ್ಸಿಟಿಯಲ್ಲಿ ಎರಡನೇ ವರ್ಷ. ಒಳ್ಳೆಯ ಹುಡುಗ, ಅವನ ಅಜ್ಜಿಯ ಔಷಧದ ಚೀಟಿಗಳನ್ನೆಲ್ಲ ನಾನೇ ಜೆರಾಕ್ಸ್ ಮಾಡುವುದು. ಒಂದು ಹಾಳೆ ಕೊಟ್ಟು, ಆಂಟಿ, ನೂರೈವತ್ತು ಪ್ರತಿ ಬೇಕು ಎಂದ. ಯಂತ್ರಕ್ಕೆ ಇಡುವ ಮೊದಲು ಓದಿದೆ. ಪವಿತ್ರ ಬಲಿಪೂಜೆಯನ್ನು ಅಪವಿತ್ರ ಮಾಡಿದ ಪ್ರಥಮ ವರ್ಷದ ವಿದ್ಯಾರ್ಥಿನಿಯನ್ನು ಕೂಡಲೇ ಹೊರಗೆ ಹಾಕಬೇಕು ಎಂದಿತ್ತು, ಕೆಳಗೆ ಸಹಿಗೆ ಗೆರೆಗಳು. ಅವಳ ಹೆಸರನ್ನೂ ಬರೆದಿದ್ದರು. ಶೆರ್ವಿನ್ ತಾನೂ ಬೇಸರದಲ್ಲೇ ಇದ್ದ. "ನಮಗೆ ಅದು ಎಷ್ಟು ದೊಡ್ಡದು ಅಂತ ಯಾರಿಗೂ ಅರ್ಥ ಆಗುದಿಲ್ಲ ಆಂಟಿ" ಎಂದ. ಅವನ ನೋವು ಸುಳ್ಳಲ್ಲ, ಕ್ರಿಸ್ಟಿನ್. ಆ ನೋವು ಕೊಟ್ಟವಳು ಅವನೆದುರೇ ನಿಂತಿದ್ದಳು. ಈ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಸಣ್ಣ ಸಣ್ಣ ವಿಷಯಕ್ಕೆ ಜಗಳ ಮಾಡುವ ನಾನು ಒಂದು ಮಾತೂ ಆಡದೆ ಗುಂಡಿ ಒತ್ತಿದೆ. ಯಂತ್ರ ನೂರೈವತ್ತು ಸಲ ಅವಳ ಹೆಸರನ್ನು ಹೊರಗೆ ಹಾಕಿತು. ಬಿಸಿ ಹಾಳೆಗಳನ್ನು ತಟ್ಟಿ ಸರಿ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ.

ಅಂಗಡಿ ಮುಚ್ಚಿ ಮನೆಗೆ ಬಂದು ಅಮ್ಮನ ಮಂಚದ ಬುಡದಲ್ಲಿ ಕೂತು ಎಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ತುಂಬ ಹೊತ್ತು ನನ್ನೊಡನೆ ಮಾತಾಡಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯ ಮಾತು. ಕೊನೆಗೆ, "ಬಾಯಿ ಮುಚ್ಚಿ ಕೂತವರಿಗೆ ಎಂತ ಆಗ್ತದೆ ಅಂತ ನಾನು ನೋಡಿದ್ದೇನೆ. ನೀನು ಹಾಗೆ ಆಗ್ಬೇಡ, ನಾಳೆ ಹೋಗು" ಎಂದಳು.

ಶುಕ್ರವಾರ ಬೆಳಿಗ್ಗೆ ಹೋದೆ. ಫಾದರ್ ಇರ್ವಿನ್ ತಮ್ಮ ಕೋಣೆಯಲ್ಲಿದ್ದರು. ಹೇಗೆ ಶುರು ಮಾಡುವುದೆಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಇದನ್ನು ತೆಗೊಂಡು ಹೋದವಳು ನಾನು, ಆ ಹುಡುಗಿ ಅಲ್ಲ" ಎಂದೆ. ಅವರು ಡಬ್ಬಿ ತೆರೆದರು, ಕೂಡಲೇ ಎದ್ದು ನಿಂತರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದ ಪ್ರಾರ್ಥನೆಯ ಕೋಣೆಗೆ ನಡೆದರು. ನಾನು ಹಿಂದೆ ಹೋಗಿ ಬಾಗಿಲಲ್ಲೇ ನಿಂತೆ. ಒಂದು ಗಾಜಿನ ಬಟ್ಟಲಿಗೆ ನೀರು ಹಾಕಿ ಓಸ್ತಿಯನ್ನು ಅದರಲ್ಲಿ ಬಿಟ್ಟರು, ಮೊಣಕಾಲೂರಿದರು. ಆ ಮನುಷ್ಯನ ಬೆನ್ನು ನೋಡಿದಾಗ ನಾನು ಮಾಡಿದ್ದು ಏನೆಂದು ನನಗೆ ಸರಿಯಾಗಿ ಹೊಳೆಯಿತು. ಪೂರ್ತಿ ಕರಗಿದ ಮೇಲೆ ಆ ನೀರನ್ನು ಯಾರೂ ತುಳಿಯದ ಮಣ್ಣಿಗೆ ಹಾಕುತ್ತಾರಂತೆ. ನಾವು ಬಾಡಿದ ಹೂವನ್ನು ತುಳಸಿಯ ಬುಡಕ್ಕೆ ಹಾಕುತ್ತೇವೆ ಎಂದು ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ತಲೆಯಾಡಿಸಿದರು.

ಬೈಯುತ್ತಾರೆಂದು ಕಾದಿದ್ದೆ. "ಕೊಟ್ಟವನು ನಾನೇ ಅಲ್ವಾ ಅಮ್ಮ. ಕೈ ನೋಡಿದೆ, ಮುಖ ನೋಡ್ಲಿಲ್ಲ. ಸಾಲಿನಲ್ಲಿ ಯಾರು ಬರ್ಬೇಕು ಅಂತ ಕನ್ನಡದಲ್ಲಿ ಹೇಳ್ಲಿಕ್ಕೂ ನಮಗೆ ನೆನಪಾಗ್ಲಿಲ್ಲ" ಎಂದರು. ಆಮೇಲೆ, ಗೊತ್ತಿಲ್ಲದೆ ಆದ ತಪ್ಪು, ಆ ವಿದ್ಯಾರ್ಥಿನಿಯದ್ದಲ್ಲ ಎಂದು ನೋಟಿಸ್ ಹಾಕಿಸುತ್ತೇನೆ, ನಿಮ್ಮ ಹೆಸರು ಬೇಡ, ಮಗಳು ಇಲ್ಲೇ ಓದಬೇಕಲ್ಲ ಎಂದರು. ಕೇಳಿ ಒಂದು ಕ್ಷಣ ಜೀವಕ್ಕೆ ತಂಪಾಯಿತು, ಇಲ್ಲ ಎನ್ನುವುದಿಲ್ಲ. ಸರಿ ಫಾದರ್ ಎಂದು ಹೊರಗೂ ಬಂದೆ. ಗೇಟಿನವರೆಗೆ ಹೋಗಿ ವಾಪಸು ತಿರುಗಿದೆ. ಹೆಸರಿಲ್ಲದ ನೋಟಿಸನ್ನು ಯಾರು ನಂಬುತ್ತಾರೆ? ದೊಡ್ಡವರು ಸೇರಿ ಮುಚ್ಚಿಹಾಕಿದರು ಎನ್ನುತ್ತಾರೆ, ಹುಡುಗಿ ಕೊನೆಯವರೆಗೂ ಅರ್ಧ ಕಳ್ಳಿಯಾಗಿಯೇ ಇರುತ್ತಾಳೆ. ನನ್ನ ಹೆಸರು ನಾನೇ ಹಾಕುತ್ತೇನೆ ಎಂದೆ. ಫಾದರ್ ತಡೆಯಲಿಲ್ಲ.

ಅಂಗಡಿಗೆ ಬಂದು ಕೈಯಲ್ಲೇ ಬರೆದೆ. ಬರೆದದ್ದು ಇಷ್ಟು: "ನನ್ನ ಹೆಸರು ಜಯ. ಪ್ರಥಮ ವರ್ಷದ ಮೋಕ್ಷಾಳ ತಾಯಿ. ಸೋಮವಾರ ಓಸ್ತಿಯನ್ನು ಮನೆಗೆ ತಂದವಳು ನಾನು. ನನ್ನ ತಾಯಿಗೆ ಪ್ರಸಾದವೆಂದು ತಂದೆ. ಅದನ್ನು ತರಬಾರದೆಂದು ನನಗೆ ತಿಳಿದಿರಲಿಲ್ಲ. ರುಖಿಯಾ ನಾನು ಹೇಳಿದೆನೆಂದು ಒಂದು ನಿಮಿಷ ಹಿಡಿದಳು. ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ತಿಳಿದ ಮೇಲೂ ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ಏನು ಕೇಳುವುದಿದ್ದರೂ ನನ್ನನ್ನು ಕೇಳಿ." ಕೆಳಗೆ ಅಂಗಡಿಯ ವಿಳಾಸ ಹಾಕಿದೆ. ಪ್ರತಿ ತೆಗೆದು, ನಿನ್ನೆ ಶನಿವಾರ ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ನಿಂತು ಬಂದ ಬಂದವರ ಕೈಗೆಲ್ಲ ಕೊಟ್ಟೆ. ಕೆಲವರು ಯಾವುದೋ ಕೋಚಿಂಗ್ ಸೆಂಟರಿನ ಜಾಹೀರಾತೆಂದು ಓದದೆ ಬಿಸಾಡಿದರು, ಹೆಕ್ಕಿ ಮತ್ತೆ ಕೊಟ್ಟೆ. ಒಬ್ಬಳು ಟೀಚರ್ ಓದಿ ನನ್ನ ಭುಜ ಮುಟ್ಟಿ ಹೋದಳು. ಶೆರ್ವಿನ್ ಬಂದ. ಓದಿದ, ನನ್ನ ಮುಖ ನೋಡಿದ. "ಆಂಟಿ, ಮೊನ್ನೆ ನಾನು ಅದನ್ನು ತಂದಾಗ ನಿಮಗೆ ಗೊತ್ತಿತ್ತಾ?" ಎಂದ. ಗೊತ್ತಿತ್ತು ಎಂದೆ. ಅವನು ಹಾಳೆ ಹಿಡಿದುಕೊಂಡೇ ಒಳಗೆ ಹೋದ. ಆ ಹುಡುಗ ಇನ್ನು ನನ್ನ ಅಂಗಡಿಗೆ ಬರುತ್ತಾನೋ ಇಲ್ಲವೋ.

ಮೋಕ್ಷಾ ಬಸ್ಸಿಳಿದು ಬಂದಳು. ನಾನು ಬರುತ್ತೇನೆಂದು ಅವಳಿಗೆ ಹೇಳಿರಲಿಲ್ಲ. ಅವಳಿಗೂ ಒಂದು ಕೊಟ್ಟೆ. ಓದಿ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿ ಹೋದಳು. ಮಧ್ಯಾಹ್ನ ನಾನು ಬಜಪೆ ಬಸ್ಸಿಗೆ ಕಾಯುತ್ತಿದ್ದಾಗ ಬಂದು ಪಕ್ಕ ನಿಂತಳು. ಬಸ್ಸಿನಲ್ಲೂ ಪಕ್ಕದಲ್ಲೇ ಕೂತಳು.

ರುಖಿಯಾಳ ಮನೆ ನಿಮ್ಮ ಹಳೆಯ ಮನೆಯಿಂದ ದೂರವಿಲ್ಲ. ನಿಮ್ಮದಿದ್ದ ಕಡೆ ಈಗ ಮೂರು ಮಾಳಿಗೆಯ ಫ್ಲಾಟು ಉಂಟು. ಅವಳ ತಾಯಿ ಬಾಗಿಲು ತೆರೆದರು. ಕೂತುಕೊಳ್ಳಿ ಎನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ, ಹಾಳೆ ಕೊಟ್ಟೆ. ಅವರು ಪೂರ್ತಿ ಓದಿದರು. "ಬುಧವಾರದಿಂದ ನನ್ನ ಮಗಳು ಸರಿಯಾಗಿ ಊಟ ಮಾಡ್ಲಿಲ್ಲ. ನೀವು ಮಾಡಿದ್ರಾ?" ಎಂದು ಕೇಳಿದರು. ಮಾಡಿದ್ದೆ, ಕ್ರಿಸ್ಟಿನ್. ಎರಡೂ ಹೊತ್ತು ಮಾಡಿದ್ದೆ. ಅದನ್ನೇ ಹೇಳಿದೆ.

ರುಖಿಯಾ ಒಳಗಿನಿಂದ ಬಂದಳು. ನನ್ನ ಹೆಸರು ಯಾಕೆ ಹೇಳಲಿಲ್ಲ ಮಗಾ ಎಂದು ಕೇಳಿದೆ. ಅವಳು ನನ್ನನ್ನು ನೋಡಲಿಲ್ಲ, ಮೋಕ್ಷಾಳನ್ನು ನೋಡಿದಳು. "ಇವಳು ಹೇಳ್ತಾಳೆ ಅಂತ ಇದ್ದೆ" ಎಂದಳು. ಮೋಕ್ಷಾ ಅಲ್ಲೇ ಬಾಗಿಲ ಚೌಕಟ್ಟಿಗೆ ಹಣೆಯಿಟ್ಟು ಅತ್ತಳು. ಅವಳನ್ನು ಸಮಾಧಾನ ಮಾಡಲು ನಾನು ಹೋಗಲಿಲ್ಲ. ರುಖಿಯಾಳೂ ಹೋಗಲಿಲ್ಲ. ಕೊನೆಗೆ ರುಖಿಯಾಳ ತಾಯಿಯೇ ಒಂದು ಲೋಟ ನೀರು ತಂದು ಮೋಕ್ಷಾಳ ಕೈಗೆ ಕೊಟ್ಟರು.

ನಾಳೆ ಸೋಮವಾರ. ಫಾದರ್ ರುಖಿಯಾಳಿಗೆ ಫೋನು ಮಾಡಿ ಕರೆದಿದ್ದಾರೆ, ಕ್ಲಾಸಿಗೆ ಬಾ ಎಂದು. ಆ ಗ್ರೂಪಿನಿಂದ ವಿಡಿಯೋ ತೆಗೆಸಿದ್ದಾರಂತೆ, ಬೇರೆ ಎಷ್ಟು ಫೋನುಗಳಲ್ಲಿ ಉಳಿದಿದೆಯೋ ಯಾರಿಗೆ ಗೊತ್ತು. ನೋಡ್ತೇನೆ ಎಂದಷ್ಟೇ ರುಖಿಯಾ ನಮಗೆ ಹೇಳಿದ್ದು. ಮೋಕ್ಷಾ ನಾಳೆ ಬೇಗ ಎದ್ದು ಮೊದಲು ಬಜಪೆಗೆ ಹೋಗಿ ಅವಳ ಮನೆಯ ಹತ್ತಿರದ ಸ್ಟಾಪಿನಲ್ಲಿ ಕಾಯುತ್ತಾಳಂತೆ. ಬರದಿದ್ದರೆ ಎಂದು ಕೇಳಿದೆ. ಮಂಗಳವಾರವೂ ಹೋಗುತ್ತೇನೆ ಎಂದಳು.

ಆ ಹುಡುಗಿ ಬರಲಿ ಎಂದು ನಿನ್ನ ದೇವರಲ್ಲಿ ಕೇಳು. ನಾನೂ ಕೇಳಬಹುದು, ಆದರೆ ಆ ದೇವರ ಎದುರು ನಿಲ್ಲಲು ಸದ್ಯ ನನಗೆ ಧೈರ್ಯ ಸಾಲದು. ನಿನ್ನ ಆರೋಗ್ಯ ನೋಡಿಕೋ. ಮಳೆಗಾಲದಲ್ಲಿ ನಿನಗೆ ಉಬ್ಬಸ ಬರುತ್ತಿತ್ತು, ಈಗಲೂ ಉಂಟೋ ಏನೋ.

ಇತಿ,
ನಿಮ್ಮ ಅಡುಗೆಮನೆಯ ಜಗಲಿಯಲ್ಲಿ ಬೆಳೆದವಳು,
ಜಯ

ವಿ.ಸೂ.: ಗುರುವಾರ ಅಮ್ಮ ಹೇಳಿದ್ದನ್ನು ಬರೆಯುವುದಿಲ್ಲ ಎಂದಿದ್ದೆ. ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಲು ಹೋದೆ, ಮನಸ್ಸು ಬರಲಿಲ್ಲ. ಅಲ್ಲಿ ಬಾಯಿ ಬಿಟ್ಟು ಹೇಳಿ ಹಾಳೆ ಹಂಚಿ ಬಂದವಳು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಮೆಲಿಸಾಳ ಚೀಟಿಗಳನ್ನು ವಿನೀತನಿಗೆ ಮುಟ್ಟಿಸುತ್ತಿದ್ದದ್ದು ಅಮ್ಮ ಅಲ್ಲ, ನೀನು. ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟು ಒಯ್ಯುವುದನ್ನು ಅಮ್ಮ ಎರಡು ಸಲ ನೋಡಿದ್ದಳು. ಶರ್ಲಿ ಬಾಯಿ ಅವಳನ್ನು ನಿಲ್ಲಿಸಿ ಕೇಳಿದಾಗ ನೀನು ಊಟದ ಮೇಜಿನ ಆಚೆ ಇದ್ದೆಯಂತೆ. ಒಂದು ಮಗಳು ಹೋದ ದಿನವೇ ಇನ್ನೊಬ್ಬಳ ಹೆಸರನ್ನು ಆ ತಾಯಿಗೆ ಹೇಗೆ ಹೇಳುವುದು ಎಂದು ಅಮ್ಮ ಸುಮ್ಮನಾದಳಂತೆ. ಹುಡುಗಿ ಹೆದರಿದ್ದಾಳೆ, ಎರಡು ದಿನ ಕಳೆದು ತಾನೇ ಹೇಳುತ್ತಾಳೆ ಎಂದು ಕಾದಳಂತೆ. ನನಗೂ ಹೇಳಲಿಲ್ಲ. ಹೇಳಿದ್ದರೆ ನಾನು ನಿಮ್ಮ ಅಂಗಳಕ್ಕೆ ಬಂದು ಬೊಬ್ಬೆ ಹಾಕುತ್ತಿದ್ದೆ, ಅದಕ್ಕೆ.

ಅಮ್ಮನಿಗೆ ನಿನ್ನ ಮೇಲೆ ಕೋಪವಿಲ್ಲ. ನನಗುಂಟು. ಇಪ್ಪತ್ತೆರಡು ವರ್ಷ ನಾನು ನನ್ನ ಹೆತ್ತವಳನ್ನು ನಂಬದೆ ಅವಳು ಮಾಡಿದ ಅನ್ನ ಉಂಡಿದ್ದೇನೆ. ಇದು ಈ ವಾರಕ್ಕೆ ಮೊದಲೇ ಗೊತ್ತಾಗಿದ್ದರೆ ನಿನಗೆ ಬೇರೆಯೇ ಕಾಗದ ಬರೆಯುತ್ತಿದ್ದೆ. ಈಗ ಸುಮ್ಮನಿರುವುದು ಎಷ್ಟು ಸುಲಭ, ದಿನ ಕಳೆದಷ್ಟೂ ಬಾಯಿ ಬಿಡುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತಾಗಿದೆ. ಅದಕ್ಕೆ ಬೈಯುವುದಿಲ್ಲ. ನೀನು ಹೊರಗೆ ಬರುವಂತಿಲ್ಲ, ಅದೂ ಗೊತ್ತು. ಕಾಗದ ಬರೆಯಬಹುದಲ್ಲ. ಅಮ್ಮನ ಹೆಸರಿಗೇ ಬರೆ. ಅವಳಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳುತ್ತೇನೆ.